ಒಂದೇ ಮನೆಹೆಸರು

ಹೃದಯ ಸಿಕ್ಕಿದ ಕಲ್ಲಿಗೆ ಬೆಲೆಯಿಲ್ಲ
ಎನ್ನುತ್ತಿದ್ದ ಅಪ್ಪ, ಬಾಯಿತುಂಬ ಬಿಳಿ ಹುಡಿ ಉಗುಳಿ.
ಗರಗಸ ಅಲ್ಲಿ ತಡವರಿಸುತ್ತದೆ,
ಮೂಲೆ ಹಾರುತ್ತದೆ, ಮೇಸ್ತ್ರಿ ಮೂಗು ಮುರಿಯುತ್ತಾನೆ.
ಸಿಜ್ಜೀವಿಯ ಗಣಿಯಲ್ಲಿ ಹಾಗೆ ಬೇಡವಾಗಿ ಉಳಿದವನ್ನೆಲ್ಲ
ಶನಿವಾರ ಸಂಜೆ ಗಾಡಿಯಲ್ಲಿ ಹೇರಿ ತಂದು
ನಮ್ಮ ಮನೆ ಕಟ್ಟಿದ.

ಮಾಲ್ಟಾದ ಬೇರೆ ಗೋಡೆಗಳೆಲ್ಲ ಬೆಣ್ಣೆ ಕೊಯ್ದ ಹಾಗೆ.
ನಮ್ಮದರಲ್ಲಿ ಮಾತ್ರ ಅಲ್ಲಲ್ಲಿ
ಐದೆಸಳಿನ ಗೀರು,
ಮುಂದಿನ ಎಸಳು ಆಳಕ್ಕೆ ಸೀಳಿದ್ದು.
ಮಲಗುವ ಕೋಣೆಯಲ್ಲಿ ಹನ್ನೊಂದು.
ಜ್ವರ ಬಂದಾಗ ಎಣಿಸಿದ್ದೇನೆ.

ಮೊನ್ನೆ ಚೆನ್ಸಾ ಅತ್ತೆಯ ಮಗ ಬಲೆಯ ಕೆಸರಿನಲ್ಲಿ
ಒಂದನ್ನು ಜೀವಂತ ತಂದ.
ದಂಡೆಯ ಬಂಡೆಗಂಟಿದ ಕಪ್ಪು ರಿಜ್ಜಾ ಅಲ್ಲ,
ಒಡೆದು ನಿಂಬೆ ಹಿಂಡಿ ತಿನ್ನುವಂಥದ್ದಲ್ಲ;
ಇದು ಕೆಸರೊಳಗೆ ಹುದುಗಿ ಬಾಳುವ ಕಡಲಮುಳ್ಳಿ.
ಮುಳ್ಳು ಎನ್ನಲೂ ನಾಚಿಕೆ, ಎಳೆಗೂಸಿನ ತಲೆಗೂದಲು.
ಅದನ್ನೆಲ್ಲ ಒಂದೇ ದಿಕ್ಕಿಗೆ ಬಾಚಿಕೊಂಡು
ನನ್ನ ಬೆರಳ ಸಂದಿಯಲ್ಲಿ ಮಣ್ಣು ಹುಡುಕಿತು.
ಹುಷಾರು ಎನ್ನುವುದರೊಳಗೆ ಚಿಪ್ಪು ಪುಡಿ.
ಅಪ್ಪನ ಗರಗಸದ ಹಲ್ಲು ಮುರಿದದ್ದು ಇದೇ?

ಮ್ಯೂಸಿಯಮ್ಮಿನ ರೋಮಿಲ್ಡಾ ಚೂರುಗಳನ್ನು ಹತ್ತಿಯ ಮೇಲಿಟ್ಟು
ಪಟ್ಟಿ ತೆಗೆದಳು. ಸ್ಕಿಜಾಸ್ಟರ್.
ಸೀಳಿದ ನಕ್ಷತ್ರ ಅಂತ ಅರ್ಥವಂತೆ.
ಗೋಡೆಯದಕ್ಕೂ ಕೆಸರಿನದಕ್ಕೂ ಒಂದೇ ಮನೆಹೆಸರು,
ನಡುವೆ ಕೋಟಿ ಮೀರಿದ ವರ್ಷ.
ಕೆಲವು ಹೆಸರುಗಳ ಹಿಂದೆ ಪುಟ್ಟ ಶಿಲುಬೆ.
ಪಾದ್ರಿಯ ದಫ್ತರದಲ್ಲೂ ಹೀಗೇ ಇದೆ, ಎಂದೆ,
ನಮ್ಮ ಮನೆಯ ಪುಟದಲ್ಲಿ, ವಿಸ್ಟಿನ್ ಅನ್ನುವ ಹೆಸರಿಗೆ.
ಅವಳು ನಕ್ಕಳು. ಇದು ಶಿಲುಬೆಯಲ್ಲ, ಕಠಾರಿ.
ಒಬ್ಬ ಸತ್ತರೆ ಹಾಕುವುದಲ್ಲ,
ಸಂತತಿಯೇ ಮುಗಿದರೆ.

ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ.
ತಮ್ಮನಿಗೆ ಮಕ್ಕಳಿಲ್ಲ. ನಾನು ಹೀಗೆ.

ಉಪ್ಪುಗಾಳಿ ಗೋಡೆಯನ್ನು ನೆಕ್ಕುತ್ತದೆ.
ಕಲ್ಲು ಹುಡಿಯಾಗಿ ಉದುರುತ್ತದೆ,
ಬೆಳಿಗ್ಗೆ ಗುಡಿಸಿ ಹೊರಗೆ ಚೆಲ್ಲುತ್ತೇನೆ.
ಹೃದಯಗಳು ಮಾತ್ರ ಅಷ್ಟು ಬೇಗ ಸವೆಯುವುದಿಲ್ಲ.
ಚಿಕ್ಕವಳಿದ್ದಾಗ ಬರೀ ಗೀರು ಕಾಣುತ್ತಿತ್ತು,
ಈಗ ಬಾಗಿಲ ಪಕ್ಕದ್ದು ಎರಡು ಬೆರಳು ಹೊರಗೆ,
ಹೋಗುವಾಗ ಬರುವಾಗ ತೋಳಿಗೆ ತಾಕುತ್ತದೆ.
ಕೆತ್ತಿಸಿ ಸಪಾಟು ಮಾಡೋಣ, ಎನ್ನುತ್ತಾನೆ ತಮ್ಮ.
ಅಂಗಿ ಹರಿದರೆ ಹೊಲಿದುಕೊಡುತ್ತೇನೆ, ಎಂದಿದ್ದೇನೆ.