ಹಿತ್ತಾಳೆ ಮೊಳೆ

ಈ ನಾಡಿನ ಗುಡ್ಡಗಳ ಎತ್ತರವೆಲ್ಲ
ನ್ಯೂಲಿನ್ ಬಂದರುಕಟ್ಟೆಯ ತುದಿಯಲ್ಲಿ
ಒಂದು ಹಿತ್ತಾಳೆ ಮೊಳೆಗೆ ಜೋತುಬಿದ್ದಿದೆ.
ಹಿಂದೆ ಯಾರೋ ಕೂತು, ಆರು ವರ್ಷ,
ಗಂಟೆಗೊಮ್ಮೆ ಕಡಲಿನ ಏರಿಳಿತ ಬರೆದರಂತೆ,
ಕೂಡಿದರಂತೆ, ಭಾಗಿಸಿದರಂತೆ,
ಬಂದ ಸರಾಸರಿಗೆ ಸೊನ್ನೆ ಅಂತ ಹೆಸರಿಟ್ಟರಂತೆ.
ಆ ಸೊನ್ನೆಯಲ್ಲಿ ಕಡಲು ಒಂದು ಗಳಿಗೆಯೂ ನಿಂತಿದ್ದಿಲ್ಲ.
ಹಾಯ್ದು ಹೋಗಿದೆ, ಅಷ್ಟೆ.
ಆಮೇಲೆ ನೀರು ಒಂದು ಗೇಣು ಮೇಲೆ ಬಂದಿದೆ.
ಸೊನ್ನೆ ಮಾತ್ರ ಅಲ್ಲೇ ಇದೆ.

ನಾನು ಅಳೆಯುವವನು. ಸಂಬಳಕ್ಕೆ.

ಗುಡ್ಡದ ಚಾಪೆಲ್ಲಿನ ಗೋಡೆಯ ಬುಡದಲ್ಲಿ
ಸರ್ವೆಯವರು ಎಂದೋ ಕೆತ್ತಿದ ಗುರುತು:
ಒಂದು ಅಡ್ಡಗೆರೆ, ಕೆಳಗೊಂದು ಬಾಣ.
ಪಾಚಿ ಕೆರೆಯುತ್ತಿದ್ದಾಗ ಜೇಗೊ ಟ್ರೆಂಬಾತ್ ಚಹಾ ತಂದ.
ಭಾನುವಾರದ ಏಳು ಮಂದಿಗೆ ಬಾಗಿಲು ತೆಗೆಯುವವನು,
ಉಳಿದ ದಿನ ಏಡಿ ಹಿಡಿಯುವವನು.
"ನಮ್ಮ ಚಾಪೆಲ್ಲು ಕಡಲಿಗಿಂತ ಎಷ್ಟು ಎತ್ತರ?"
"ಯಾವ ಕಡಲಿಗಿಂತ?" ಅಂದೆ.
ತಮಾಷೆಗೆ ಅಂದದ್ದು. ಅವನು ನಗಲಿಲ್ಲ.
"ಸತ್ಯ ಅಂದರೆ ಒಂದೇ ಇರಬೇಕು, ಹುಡುಗಾ.
ಅದೂ ತೇಲುತ್ತೆ ಅಂದರೆ
ನಾನು ದೋಣಿ ಕಟ್ಟೋದು ಯಾತಕ್ಕೆ?"

ಇದಕ್ಕೆ ಉತ್ತರ ನಮ್ಮ ಮನೆಯಲ್ಲಿ ತಲೆತಲಾಂತರದ ಬಾಯಿಪಾಠ:
ಸ್ಯಾತ್. ಒಂದು ಬಗೆಯಲ್ಲಿ ಹೌದು,
ಒಂದು ಬಗೆಯಲ್ಲಿ ಅಲ್ಲ,
ಒಂದು ಬಗೆಯಲ್ಲಿ ಹೇಳಲು ಬಾರದು.
ಹೇಳಬಹುದಿತ್ತು.
ಆನೆ ಮುಟ್ಟಿದ ಕುರುಡರನ್ನೂ ಕರೆತರಬಹುದಿತ್ತು.
ಆದರೆ ಆ ಕತೆ ಸಣ್ಣವನಿದ್ದಾಗಿನಿಂದ ನನಗೆ ಸರಿಬಂದಿಲ್ಲ:
ಇಡೀ ಆನೆ ಕಂಡು, ಕುರುಡರನ್ನು ನೋಡಿ ನಗುತ್ತ
ದೂರ ನಿಂತಿದ್ದಾನಲ್ಲ, ಕತೆ ಹೇಳುವವನು,
ಅವನ್ಯಾರು?
ಅವನಿಗೆ ಕಣ್ಣು ಕೊಟ್ಟವರ್ಯಾರು?

ರತ್ನವ್ವತ್ತೆ ಹುಕ್ಕೇರಿಯಿಂದ ಬಂದದ್ದು ಜೂನಿನ ಕೊನೆಗೆ,
ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದ ವ್ರತ ಹೊತ್ತು.
ಇಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಬಿಸಿಲು.
"ಊರಲ್ಲಿ ಉಂಡ ಹಾಗೆ ಏಳರೊಳಗೆ ಉಂಡುಬಿಡು" ಅಂದೆ.
"ಯಾಕ? ನೇಮ ನಂದು. ಸೂರ್ಯಾ ಈ ಊರಾಂವ"
ಅಂದು, ಎಂಟೂವರೆಗೆ ರೊಟ್ಟಿ ಬಡಿದಳು, ಹಾಯಾಗಿ.
ಅನುಕೂಲಕ್ಕೆ ತಕ್ಕ ಧರ್ಮ ಅಂದುಕೊಂಡು
ಒಳಗೊಳಗೇ ನಕ್ಕೆ.

ಡಿಸೆಂಬರ್ ಬಂತು.
ನಾಲ್ಕೂಕಾಲು ದಾಟಿದರೆ ಹೊತ್ತಿಲ್ಲ,
ಬೆಳಗಾಗುವುದು ಎಂಟರ ಮೇಲೆ.
ಹದಿನಾರು ತಾಸು, ಒಂದು ಹನಿ ನೀರಿಲ್ಲದೆ
ಹೀಟರಿನ ಪಕ್ಕ ಜಪಮಣಿ ಎಣಿಸುತ್ತ ಕೂತಳು.
ಜೂನಿನ ನಗು
ಈಗ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು.

ಒಂದು ಮಧ್ಯಾಹ್ನ ಬಂದರಿನಲ್ಲಿ ಟ್ರೆಂಬಾತ್ ದೋಣಿ ಕಟ್ಟುತ್ತಿದ್ದ.
ಗೋಡೆಯ ಕಬ್ಬಿಣದ ಬಳೆ ಅವನಜ್ಜನ ಕಾಲದ್ದು,
ಅಲ್ಲಾಡುವಂಥದ್ದಲ್ಲ.
ಹಗ್ಗ ಮಾತ್ರ ಮೂರಾಳು ಸಡಿಲ ಬಿಟ್ಟ.
ಬಿಗಿದು ಕಟ್ಟಿದರೆ ಇಳಿತಕ್ಕೆ ದೋಣಿ
ನೇಣು ಹಾಕಿಕೊಂಡಂತೆ ತೂಗುತ್ತದೆ.
ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.
ನಾನೂ ಹೇಳಲಿಲ್ಲ. ಗಂಟು ನೋಡುತ್ತ ನಿಂತೆ.
ಹೊರಡುವಾಗ, ಚಾಪೆಲ್ಲಿನಲ್ಲಿ ಒಂದು ಉಳಿದಿತ್ತು ಅಂತ
ಕ್ಯಾಲೆಂಡರು ಕೈಗಿಟ್ಟ:
ದಿನದಿನದ ಉಬ್ಬರ, ಇಳಿತ,
ಸೂರ್ಯ ಹುಟ್ಟುವ ಮುಳುಗುವ ನಿಮಿಷ.

ಎರಡು ವಾರದಿಂದ ಮೋಡ. ಸೂರ್ಯನ ಸುಳಿವೇ ಇಲ್ಲ.
ಅತ್ತೆ ಆ ಕ್ಯಾಲೆಂಡರನ್ನು
ಪಾರ್ಶ್ವನಾಥನ ಪಟದ ಪಕ್ಕ ತೂಗುಹಾಕಿದ್ದಾಳೆ.
ಇಂಗ್ಲಿಷ್ ಬಾರದು; ಅಂಕಿ ಬರುತ್ತದೆ.
ಮೇಲಿನ ಶಿಲುಬೆಯ ಚಿತ್ರದಿಂದ ಕೆಳಕ್ಕೆ
ಬೆರಳು ಇಳಿಸುತ್ತ ಇಳಿಸುತ್ತ ನಿಲ್ಲಿಸಿ
"ನಾಕೂ ಇಪ್ಪತ್ತು. ಖರೇ ಏನೋ ಇದು?"

ಮೂರು ದಶಾಂಶದವರೆಗೆ ಅಳೆಯುವವನು ನಾನು,
ಸ್ಯಾತ್ ಅನ್ನಲು ಬಾಯಿ ತೆರೆದೆ.
ಅಷ್ಟರಲ್ಲಿ ಅವಳು
ಕೊನೆಯ ತುತ್ತು ನುಂಗಿ,
ತಾಟು ತೊಳೆದ ನೀರನ್ನೂ ಕುಡಿದು,
ಅದನ್ನು ಬೋರಲು ಹಾಕಿಯಾಗಿತ್ತು.