ಇಪ್ಪತ್ತೊಂದಿಂಚಿನ ಕಪಾಟು

ಹಂಜಿ ಅವರ ಮನಿಯಿಂದ ಫೋನು:
"ಕಾಕಾ, ನೀವು ಮಾಡಿದ ಟೀವಿ ಕಪಾಟು ನೆನಪೈತೇನ್ರಿ?"
ನೆನಪಿಲ್ಲದ ಏನು.
ಖಾನಾಪುರದ ಸಾಗವಾನಿ, ಸರಿಯೂ ಬಾಗಿಲಾ ಎರಡು,
ಪರೀಕ್ಷಾ ಬಂದ್ರ ಅಜ್ಜ ಕೀಲಿ ಜಡದು
ಕೀಲಿಕೈ ಉಡದಾರಕ್ಕ ಕಟ್ಟಿಕೊಳ್ತಿದ್ದ.
ವಡಗಾಂವಿಯ ಆ ಓಣ್ಯಾಗ ಮಗ್ಗ ನಿಲ್ಲತಿದ್ದದ್ದು
ಕರೆಂಟ್ ಹೋದಾಗ,
ಇಲ್ಲಾ ರವಿವಾರ ಮುಂಜಾನೆ ಆ ಬಾಗಿಲಾ ಸರಿದಾಗ.

ಹೋಗಿ ನೋಡಿದ್ರ ಟೀವಿ ಇಲ್ಲ.
ಮೊಮ್ಮಗಳು ತೇಜಸ್ವಿನಿ, ದನದ ದವಾಖಾನಿ ಕಂಪೌಂಡರ್,
ಮುಂಗೈ ಮ್ಯಾಲ ಓತಿಕ್ಯಾತ ಕುಂದರಿಸ್ಕೊಂಡು ನಿಂತಾಳ.
ನಮ್ಮ ಬೇಲಿದಲ್ಲ. ಮೊಳದುದ್ದ, ಗದ್ದಕ್ಕ ಮುಳ್ಳಿನ ಗಡ್ಡ.
ಕ್ಯಾಂಪಿನ ಮೇಜರ್ ಸಾಹೇಬರಿಗೆ ಬದಲಿ ಆತಂತ,
ಕಾಗದಪತ್ರ ಸಮೇತ ಇವಳ ಕೈಗೆ ಒಪ್ಪಿಸಿ ಹೋದರಂತ.
"ಬೆಳಗಾವಿ ಥಂಡಿ ಇದಕ್ಕ ಆಗೂದಿಲ್ಲ ಕಾಕಾ,
ಕಪಾಟಿನಾಗ ಮನಿ ಮಾಡಿಕೊಡ್ರಿ."

ಸಿಟ್ಟು ಬಂತು, ಖರೇ ಹೇಳತೇನಿ.
ದೇವರ ಜಗಲಿ ಮಾಡಿದ ಉಳಿ, ತೊಟ್ಟಿಲಾ ಮಾಡಿದ ಉಳಿ.
ಹಲ್ಲಿ ಮೈಮ್ಯಾಲ ಬಿದ್ರ ಏನು ಫಲ, ಪಂಚಾಂಗದಾಗ ಐತಿ;
ಓತಿಕ್ಯಾತಕ್ಕ ಮನಿ ಕಟ್ಟಿದ್ರ ಏನು ಫಲ,
ಯಾವ ಐನಾರೂ ಹೇಳಿಲ್ಲ.

ಆಕಿ ಹಾಳಿ ಮ್ಯಾಲ ಗೀಟು ಎಳದಳು.
"ಈ ಕಡೆ ಬಲ್ಬು, ಕೆಳಗ ಕಲ್ಲು, ನಲವತ್ತು ಡಿಗ್ರಿ.
ಆ ಕಡೆ ನೆರಳು, ಇಪ್ಪತ್ತಾರು.
ಬಲ್ಬಿಗೆ ಜಾಳಗಿ, ಇಲ್ಲಾಂದ್ರ ಏರಿ ಸುಟ್ಟುಕೊಳ್ತೈತಿ.
ಒಳಗ ವಾರ್ನಿಷ್ ಬ್ಯಾಡ, ಕಾದ್ರ ವಾಸನಿ ಬಿಡತೈತಿ."
"ಎಲ್ಲಾ ಕಡೆ ಒಂದ ನಮೂನಿ ಬೆಚ್ಚಗ ಇಟ್ರ?"
"ಸಾಯ್ತೈತಿ. ಅದಕ್ಕ ತನ್ನದಂತ ಬಿಸಿ ಇಲ್ಲ.
ಬೇಕಾದಾಗ ಕಾಸಿಕೊಳ್ಳಾಕ ಜಾಗ, ಸಾಕಾದಾಗ ಸರಿಯಾಕ ಜಾಗ."
ನಲವತ್ತು ವರ್ಷ ಮಂದಿಗೆ ಸಾಮಾನು ಮಾಡೇನಿ;
ಸರಿಯಾಕ ಜಾಗ ಯಾರೂ ಕೇಳಿರಲಿಲ್ಲ.

ಮೂರು ದಿನ.
ಸನ್‌ಮೈಕಾ ಕಿತ್ತೆ, ಫಳಿ ಉಜ್ಜಿದೆ, ಬಾಗಿಲಿಗೆ ಗಾಜು ಕುಂದರಿಸಿದೆ.
ಮೂಲ್ಯಾಗ ಒಂದು ಗೋಟಿ, ರಿಮೋಟಿನ ಮುಚ್ಚಳ,
ಹಲ್ಲಿ ತತ್ತಿಯ ಒಣಾ ಸಿಪ್ಪಿ ನಾಕು.
ಅಂದ್ರ ಇದರ ಬಳಗ ಮೊದಲಿಂದ ಇಲ್ಲೇ ಇತ್ತು,
ಬಾಡಿಗಿ ಇಲ್ಲದ.

ಹಿಂದಿನ ಪ್ಲೈವುಡ್ ಒರೆಸಿದ್ರ ಪೆನ್ಸಿಲ್ ಅಕ್ಷರ, ನನ್ನವ:
೨೧ ಇಂಚು. ಹಂಜಿ. ಬಾಕಿ ೩೫೦.
ಅಜ್ಜ ಕೊಡಲಿಲ್ಲ. ಕೇಳಾಕ ಹೋದಾಗೊಮ್ಮೆ
ಚಾ ಕುಡಿಸಿ ಟೀವಿ ಹಚ್ಚತಿದ್ದ.
ಕ್ರಿಕೆಟ್ ಮುಗಿಯೂತನಕ ಕುಂತು, ಬಂದ ಕೆಲಸ ಮರತು,
ಸ್ಕೋರ್ ಹೇಳಿಕೋತ ಮನಿಗೆ ಬರತಿದ್ದೆ.

ವಾಯರ್ ಹಾಯಾಕ ಒಂದು ತೂತು ಬೇಕಿತ್ತು.
ಬಲಗಡೆಯಿಂದ ಆರು ಬೆರಳು, ಮ್ಯಾಲಿಂದ ನಾಕು.
ಅಳತಿ ಬಂದು ನಿಂತದ್ದು ಸೊನ್ನಿ ಮ್ಯಾಲ.
ಗಿರಮಿಟ್ ಹಚ್ಚಿದೆ. ಕೈ ಒಮ್ಮೆ ತಡೀತು. ತಿರುವಿದೆ.
ಸೊನ್ನಿ ಪುಡಿಯಾಗಿ ಉದುರಿತು ನನ್ನ ಮೊಣಕಾಲಿನ ಮ್ಯಾಲ.
ಈಗ ಬಾಕಿ ಮೂವತ್ತೈದು.

ತೇಜಸ್ವಿನಿ ಮಜೂರಿ ಎಣಿಸಿ ಪೂರ್ತಿ ಕೊಟ್ಟಳು.
ಹಳೇದರ ಮಾತು ನಾ ತಗೀಲಿಲ್ಲ.

ಡಿಸೆಂಬರ್‌ನ್ಯಾಗ ಒಂದು ಸಂಜಿ ಆ ಹಾದಿಲೆ ಬಂದೆ.
ಕರೆಂಟ್ ಇಲ್ಲ, ಮಗ್ಗ ಸುಮ್ಮನ.
ಒಳಗ ಚಾಪಿ ಮ್ಯಾಲ ಓಣಿ ಹುಡುಗರು ಕುಂತಾವ,
ಬಾಗಿಲದಾಗ ದೊಡ್ಡವರು ನಿಂತಾರ, ಕಪಾಟಿನ ಕಡೆ ಮಾರಿ ಮಾಡಿ.
ಬಿಸಿನೀರಿನ ಬಾಟ್ಲಿಗೆ ಹಳೇ ಶಹಾಪುರ ಸೀರಿ ತುಂಡು ಸುತ್ತಿ
ಆಕಿ ಕಲ್ಲಿನ ಬಾಜೂಕ ಇಟ್ಟಾಳ.
ಅದು ಒರಗಿಕೊಂಡು ಒಂದು ಕಣ್ಣಿಲೆ ಎಲ್ಲಾರನ್ನೂ ನೋಡಾಕತ್ತಿತ್ತು.

ಫಟ್ ಅಂತ ಕರೆಂಟ್ ಬಂತು.
ಓಣಿ ತುಂಬ ಖಟಕ್ ಖಟಕ್, ಒಳಗ ಬಲ್ಬು,
ಹಿಂದಿನ ಗ್ವಾಡಿಗೆ ತೂತಿನೊಳಗಿಂದ ಬೆಳಕು, ದುಂಡಗ.
ಯಾರೋ ನನಗ ಚಾ ಹಿಡದ್ರು. ಕುಂತೆ.

"ಏನೂ ಮಾಡವಲ್ಲದು," ಅಂತು ಸಣ್ಣ ಹುಡುಗ.
"ಸುಮ್ಮನ ನೋಡೋ," ಅಂದೆ, "ಕಾಯಾಕತ್ತೈತಿ."