ಎಡಕ್ಕ ಆರು ಸೂಜಿ

ನಾಲಿಗಿ ಮ್ಯಾಲ ಮೂರು ಮಣಿ ಅಂಟಿಸಿದ್ರು,
ತುದಿಗೊಂದು, ನಡುವೊಂದು, ಹಿಂದೊಂದು,
ಜ್ವಾಳದ ಕಾಳಿನಷ್ಟೂ ಇಲ್ಲ.
ಕೂದಲೆಳಿಯಂಥಾ ತಂತಿ ತುಟಿಯಿಂದ ಇಳಿದು
ಪೆಟಿಗಿ ಒಳಗ ಹೋದವು. ಗೋಂದು ಕಹಿ.
"ಭೌರವ್ವಬಾಯಿ, ಈಗ ಮಾತಾಡ್ರಿ. ಸಹಜ.
ಮನ್ಯಾಗ ಆಡಿದಂಗ," ಅಂದಳು ಕರಮರಕರ ಬಾಯಿ
ಮರಾಠಿಯೊಳಗ, ಒಂದೊಂದ ಶಬ್ದ ಬಿಡಿಸಿ ಇಟ್ಟು.
ತನ್ನ ಮನ್ಯಾಗ ಆಕಿನೂ ಹಂಗ ಆಡೂದಿಲ್ಲ ಬಿಡ್ರಿ.

ಪುಣೆ ಅನ್ನೂ ಪುಣೆನ ಹೊರಗ ಉಳದಿತ್ತು.
ಗ್ವಾಡಿಗೆಲ್ಲಾ ಗಾದಿ ಹೊಡದ ಖೋಲಿ,
ಒಂದು ರಿಕ್ಷಾದ ಹಾರ್ನ್ ಸೈತ ಇಲ್ಲ.
ಹಾಳ್ಯಾಗ ಬರದಿತ್ತು: ಈಗ ಬಾಳಿ ಅಂದೆ.
ಈಗ ಬಾಲಿ ಅಂದೆ. ಈಗ ಬಳಿ ಅಂದೆ.
ಹುಟ್ಟಿದಾಗಿಂದ ಯಾರಿಗೂ ಹಿಂಗ ಅಂದಿಲ್ಲ ನಾನು.
ಓದಿದೆ. ಬಾಳಿ ಹೋಗಿ ಬಾಯಾಗ ಏನೋ ಉಳ್ಳಾಡ್ತು,
ಹಾಲಹಲ್ಲು ಬಿದ್ದ ಹುಡುಗಿ ಗತೆ. ಜೊಲ್ಲು ಬ್ಯಾರೆ.

ಆಕಿ ಚಿಂತಿ ಇಷ್ಟ:
ಮಣಿ ಹಚ್ಚೂಕಿಂತ ಮೊದಲಿನ ಮಾತು, ಹಚ್ಚಿದ ಮ್ಯಾಲಿನ ಮಾತು,
ಎರಡೂ ಒಂದನ?
ಪಡದೆ ಮ್ಯಾಲ ಎರಡು ಡೊಂಕ ಗೆರಿ ಇಟ್ಟು
ಕುಬಸದ ಎರಡು ತೋಳು ಹೊಂದಿಸಿ ನೋಡಿದಂಗ ನೋಡತಿದ್ದಳು.

ನನಗ ನಗಿ ಬಂತು. ನಗಬಾರದು, ತಂತಿ ಕಿತ್ತಾವು.
ರಾಸ್ತಾ ಪೇಟಿ ಓಣ್ಯಾಗ ಮೂವತ್ತೊಂದು ವರ್ಷ
ತುಟಿ ಎಡಮೂಲಿಗೆ ಆರು ಗುಂಡುಸೂಜಿ,
ಬಲಮೂಲಿಗೆ ಮಾತು.
ಛಾತಿ ಛತ್ತೀಸ, ತೋಳು ಹನ್ನೊಂದು, ಬೆನ್ನಿಗೆ ಹುಕ್ಕು,
"ಉಸರು ಹಿಡೀಬ್ಯಾಡ್ರಿ ವಹಿನಿ, ಅಳತಿ ಸುಳ್ಳ ಆಗತದ."
ಬಾಕಿ ಕೇಳಿದ್ದು ಹಂಗ, ಬೈದದ್ದು ಹಂಗ,
ಇಂಡಿಯಿಂದ ಅಣ್ಣನ ಫೋನು ಬಂದಾಗ
"ಎಷ್ಟೊತ್ತಿಗೆ?" ಅಂತ ಕೇಳಿದ್ದೂ ಹಂಗ.
ಆಮ್ಯಾಲ ಆರೂ ಸೂಜಿ ಒಂದೊಂದ ತಗದು
ದಿಂಬಿಗೆ ಚುಚ್ಚಿಟ್ಟು
ಅಳಾಕ ಕುಂತೆ.

ಮುಂಜಾನಿ ಈ ಬಾಯಿ ತುಂಬಿಕೊಂಡದ್ದು
ಸೂಜಿ ಇಲ್ಲದ ಮಾತು.
ಅದು ಯಾರ ಮಾತು, ನನಗೂ ಅಷ್ಟು ಪರಿಚಯ ಇಲ್ಲ.
ಹೇಳಲೇನು ಅಂದ್ಕೊಂಡೆ. ಹಾಳ್ಯಾಗ ಅದು ಇರಲಿಲ್ಲ.

ಇಪ್ಪತ್ತು ನಿಮಿಷ ಆಗಿರಬೇಕು,
ನಾಲಿಗಿ ತಾನ ಮಣಿ ಬಗಲಿಂದ ಹಾದಿ ಮಾಡ್ಕೊಂತು,
ಗದ್ದಲದ ಸಂತ್ಯಾಗ ತಲಿಮ್ಯಾಲ ಬುಟ್ಟಿ ಹೊತ್ತಾಕಿ ಗತೆ.
ಈಗ ಬಾಳಿ ಅಂದೆ.
ಬಾಳಿನ ಬಂತು.

"ಅಗ್ಗೋಬಾಯಿ!" ಅಂದುಬಿಟ್ಟಳು ಕರಮರಕರ ಬಾಯಿ,
ಕುರ್ಚಿ ಸರಿಸಿ, ಬಾಯಿಗೆ ಕೈ ಹಚ್ಚಿ.
ಆಕಿ ನಾಲಿಗಿಗೆ ಯಾ ತಂತೀನೂ ಇರಲಿಲ್ಲ.